ಗಜನಿ ಬಾಗಿಲು ಮುಚ್ಚಿಬಿಡಬೇಕಾ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ನದಿಯ ಹಿನ್ನೀರಿನ ಪಕ್ಕದ ಗಜನಿ, ಅಂದರೆ ಮಳೆಗಾಲದಲ್ಲಿ ಭತ್ತ, ಆಮೇಲೆ ಉಪ್ಪುನೀರು ಬಿಟ್ಟು ಮೀನು ಸಿಗಡಿ ಬೆಳೆಯುವ ತಗ್ಗು ಗದ್ದೆ. ಹೊರಗಟ್ಟೆ ಕೊರೆದು ಹೋಗ್ತಾ ಇದೆ. ಅಮಾವಾಸ್ಯೆ, ಹುಣ್ಣಿಮೆ ಭರತಕ್ಕೆ (ಸಮುದ್ರದ ನೀರು ಏರುವಾಗ) ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಜಂತ್ರಡಿ (ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಹಲಗೆ ಬಾಗಿಲು) ಮುಚ್ಚಿ ಸಿಮೆಂಟ್ ಗೋಡೆ ಕಟ್ಟೋಣ ಅಂತ ಕೆಲವರು. ಮೀನು ಹಿಡಿಯುವವರು ಒಪ್ಪುತ್ತಿಲ್ಲ. ಏನು ಮಾಡುವುದು?

ಉತ್ತರ: ಮುಚ್ಚಬೇಡಿ. ಗಜನಿಗೆ ಉಪ್ಪುನೀರು ಬರಲೇಬೇಕು, ಆದರೆ ನೀವು ಬಿಟ್ಟಾಗ ಬರಬೇಕು. ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಹಲಗೆ ಎತ್ತಿ ಒಳಗಿನ ನೀರು ಹೊರಗೆ ಬಿಡಿ, ಭರತ ಏರುವ ಮೊದಲು ಹಲಗೆ ಇಳಿಸಿ. ಹೀಗೆ ಮಾಡುತ್ತಾ ಹೋದರೆ ಮಳೆನೀರೇ ಮಣ್ಣಿನ ಉಪ್ಪು ತೊಳೆಯುತ್ತದೆ. ಉಳಿದಿದ್ದನ್ನು ಇಲ್ಲಿನ ಕಗ್ಗ ತಳಿಯ ಭತ್ತ ತಡೆದುಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು ಉಪ್ಪುನೀರು ತುಂಬಿಸಿದರೆ, ಆ ಹುಲ್ಲು ಕೊಳೆತು ಮೀನು ಸಿಗಡಿಗೆ ಮೇವಾಗುತ್ತದೆ, ಮುಂದಿನ ಬೆಳೆಗೆ ಗೊಬ್ಬರವೂ ಅದೇ. ಹಿರಿಯರು ಇದನ್ನು ಸುಮ್ನೆ ಮಾಡಲಿಲ್ಲ ಅಲ್ವಾ?

ಪೂರ್ತಿ ಮುಚ್ಚಿ ಒಣಗಿಸಿದರೆ ಇನ್ನೊಂದು ಕಾಟ. ಕಾಲಿಟ್ಟರೆ ಕೊಳೆತ ಮೊಟ್ಟೆ ವಾಸನೆ ಬರುವ ಕಪ್ಪು ಕೆಸರಲ್ಲಿ ಗಂಧಕ ಇರುತ್ತದೆ. ಅದಕ್ಕೆ ಗಾಳಿ ತಾಗಿದರೆ ಆಮ್ಲ ಹುಟ್ಟಿ ಮಣ್ಣು ಹುಳಿಯಾಗುತ್ತದೆ.

ಇನ್ನು ಕಟ್ಟೆ. ಇಳಿತದಲ್ಲಿ ಬುಡಕ್ಕೆ ಇಳಿದು ನೋಡಿ. ಏಡಿ ತೂತಿನಿಂದ ನೀರು ಜಿನುಗುತ್ತಿದ್ದರೆ ಅಲ್ಲಿ ಅಗೆದು ಜೇಡಿಮಣ್ಣು ಹಾಕಿ ತುಳಿಯಬೇಕು. ಮೇಲಿಂದ ಮಣ್ಣು ಸುರಿದರೆ ದಂಡ. ಅಲೆ ಹೊಡೆದು ಬುಡ ಕುಸಿದಿದ್ದರೆ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೇಕು: ಮಳೆಗಾಲದಲ್ಲಿ ಬೀಳುವ ಅದರ ಉದ್ದನೆ ಕೋಡುಗಳನ್ನು ಆರಿಸಿ, ಭರತ ಮುಟ್ಟಿ ಇಳಿಯುವ ಕೆಸರಲ್ಲಿ ಮೂರನೇ ಒಂದು ಭಾಗ ಹುಗಿಯುವಂತೆ ಚುಚ್ಚಿ. ನೆಟ್ಟಗಿನ ಸಿಮೆಂಟ್ ಗೋಡೆಗೆ ಹೊಡೆದ ಅಲೆ ವಾಪಸ್ ಹೋಗುವಾಗ ಬುಡದ ಕೆಸರನ್ನೇ ಎಳೆದೊಯ್ಯುತ್ತದೆ. ಗೋಡೆಗಾಗಿ ಕಾಂಡ್ಲಾ ಕಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಕಾಂಡ್ಲಾಕ್ಕೆ ರಕ್ಷಣೆ ಇದೆ, ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ.

ನಿಜವಾದ ಜಗಳ ಹಲಗೆ ಯಾರ ಕೈಲಿದೆ ಅನ್ನುವುದು. ಸಿಗಡಿಗೆ ಗುತ್ತಿಗೆ ಕೊಟ್ಟು ವರ್ಷವಿಡೀ ಉಪ್ಪುನೀರು ಬಿಟ್ಟ ಕಡೆ ಭತ್ತ ಹೋಯಿತು. ಭತ್ತದ ತಿಂಗಳು ಯಾವುದು, ಮೀನಿನದು ಯಾವುದು ಅಂತ ಎಲ್ಲರೂ ಕೂತು ಬರೆದಿಡಿ. ಮೀನಿನ ದುಡ್ಡಲ್ಲಿ ಒಂದು ಪಾಲು ಕಟ್ಟೆ ರಿಪೇರಿಗೆ ಎತ್ತಿಡಿ, ಇದಕ್ಕೆ ಒಪ್ಪದವರಿಗೆ ಬಾಗಿಲ ಬಗ್ಗೆ ಮಾತಾಡುವ ಹಕ್ಕು ಕಡಿಮೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಕಾರವಾರದಲ್ಲಿ ಕಾಳಿ ನದಿ ದಂಡೆಯ ಹತ್ತಿರ ನಮ್ಮ ಬಾವಿ. ಏಪ್ರಿಲ್‌ನಲ್ಲಿ ನೀರು ಉಪ್ಪಾಗುತ್ತದೆ. ಆಳ ಮಾಡಿಸಲೇ?

ಉತ್ತರ: ಬೇಡವೇ ಬೇಡ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಆಳ ಮಾಡಿದಷ್ಟೂ ಉಪ್ಪಿಗೆ ಹತ್ತಿರ. ಪಂಪ್ ಒಂದೇ ಸಮನೆ ಓಡಿಸಬೇಡಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ. ಮಳೆಗಾಲದಲ್ಲಿ ಮನೆ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ.