ಸಾರಿಗೆ ಬಾಂಡಿಗೆ ಮತದಾರರ ಒಪ್ಪಿಗೆ ಬೇಕೇ?

ಪ್ರಶ್ನೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಸ್ತೆ, ಸಾರಿಗೆಗಾಗಿ ಬಾಂಡ್ (ಸರ್ಕಾರ ಸಾಲ ಎತ್ತುವ ಸಾಲಪತ್ರ) ಹೊರಡಿಸಲು ಮತದಾರರನ್ನೇ ಕೇಳುತ್ತಾರಂತೆ. ನಮ್ಮಲ್ಲೂ ಹಾಗಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ. ಅಲ್ಲಿ 2006ರ ನವೆಂಬರ್‌ನಲ್ಲಿ ಸುಮಾರು 2,000 ಕೋಟಿ ಡಾಲರಿನ ಸಾರಿಗೆ ಬಾಂಡಿಗೆ ಮತದಾರರು ಒಪ್ಪಿಗೆ ಕೊಟ್ಟರು. ನಮ್ಮಲ್ಲಿ ಸಂವಿಧಾನದ 293ನೇ ವಿಧಿಯಂತೆ ರಾಜ್ಯ ಸರ್ಕಾರವೇ ಸಾಲ ಎತ್ತುತ್ತದೆ, ಕೇಂದ್ರಕ್ಕೆ ಸಾಲ ಬಾಕಿಯಿದ್ದರೆ ಅದರ ಸಮ್ಮತಿ ಪಡೆಯಬೇಕಾಗುತ್ತದೆ, ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕ್ ಹರಾಜು ಹಾಕುತ್ತದೆ. ಬಡ್ಡಿಸಹಿತ ತೀರಿಸುವವರು ಮಾತ್ರ ಎರಡೂ ಕಡೆ ತೆರಿಗೆದಾರರೇ. ಆದರೆ ಅಲ್ಲಿ ಯಾವ ಕೆಲಸಕ್ಕೆ ಎಷ್ಟು ಹಣವೆಂಬುದನ್ನು ಮತದಾನಕ್ಕೆ ಮೊದಲೇ ಬರೆದು ಕೊಟ್ಟಿದ್ದರು, ಮತ್ತು ನಾವು ಪಟ್ಟು ಹಿಡಿದು ಕೇಳಬೇಕಾದುದು ಅದನ್ನೇ. ಮಳೆಗಾಲದ ಸಂಜೆ ಧಾರವಾಡದ ಟೋಲ್ ನಾಕಾದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ನಿಂತ ನೀರಿನಲ್ಲಿ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನತ್ತ ನಡೆಯುವವರನ್ನು ಕಂಡವರಿಗೆ, ಆ ಪಟ್ಟಿಯಲ್ಲಿ ಗಟಾರಕ್ಕೂ ಒಂದು ಸಾಲು ಏಕಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.