ಪ್ರತಿಕ್ರಿಯೆ: ಆರ್ಕೆಸ್ಟ್ರಾ ಇಲ್ಲದೆ ‘ಕಾರ್ಮಿನಾ ಬುರಾನಾ’

ನಲವತ್ತು ಜನರ ಗಾಯನವೃಂದ, ಆರ್ಕೆಸ್ಟ್ರಾ ಇಲ್ಲ, ಸಂಯೋಜಕ ಕಾರ್ಲ್ ಆರ್ಫ್ ಅವರ ಸಮೂಹಗಾನ ಕೃತಿ ‘ಕಾರ್ಮಿನಾ ಬುರಾನಾ’ ಹಾಡಲು ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ವಿಲ್‌ಹೆಲ್ಮ್ ಕಿಲ್‌ಮಾಯರ್ 1956ರಲ್ಲಿ ಎರಡು ಪಿಯಾನೊ ಮತ್ತು ತಾಳವಾದ್ಯಗಳಿಗೆ ಅಳವಡಿಸಿದ ಆವೃತ್ತಿ ಇದೆ, ಕಾರ್ಲ್ ಆರ್ಫ್ ಅವರೇ ಒಪ್ಪಿದ್ದು. ಪಿಯಾನೊ ಇದೆ ಅಂತ ತಾಳವಾದ್ಯ ಕಡಿಮೆ ಮಾಡಬೇಡಿ, ಕೃತಿಯ ಜೀವವೇ ಅಲ್ಲಿದೆ.

ಕೃತಿಯ ಮೊದಲ ಹಾಡು ‘ಓ ಫೋರ್ಚುನಾ’ದಲ್ಲಿ ಎಲ್ಲರೂ ಎಡವುವುದು ಆರಂಭದ ಅಬ್ಬರದಲ್ಲಲ್ಲ, ಅದರ ನಂತರದ ಪಿಸುಮಾತಿನಲ್ಲಿ. ದನಿ ತಗ್ಗಿಸಿದ ಕೂಡಲೇ ವ್ಯಂಜನಗಳೂ ಸಡಿಲವಾಗಿ ಲಯ ಜಾರುತ್ತದೆ. ಆ ಭಾಗವನ್ನು ಮೊದಲು ಸ್ವರವಿಲ್ಲದೆ, ಬರೀ ಮಾತಾಗಿ, ತಾಳಕ್ಕೆ ಸರಿಯಾಗಿ ಹೇಳಿಸಿ. ಹಾಡಿನ ಲ್ಯಾಟಿನ್ ಪದ ‘crescis’ಗೆ ‘ಕ್ರೆಶಿಸ್’ ಎನ್ನುವ ಇಟಾಲಿಯನ್ ಉಚ್ಚಾರವೋ, ‘ಕ್ರೆಸ್ತ್ಸಿಸ್’ ಎನ್ನುವ ಜರ್ಮನ್ ರೀತಿಯೋ, ಮೊದಲ ದಿನವೇ ತೀರ್ಮಾನಿಸಿ. ಅರ್ಧ ಜನ ಹಾಗೆ, ಅರ್ಧ ಜನ ಹೀಗೆ ಹಾಡಿದರೆ ಬರೀ ಬುಸ್ ಬುಸ್ ಕೇಳುತ್ತದೆ!

ಹೆಂಡದಂಗಡಿಯ ಭಾಗ ‘ಇನ್ ತಬೆರ್ನಾ’ ಪೂರ್ತಿ ಗಂಡಸರದು. ನಿಮ್ಮಲ್ಲಿ ಹದಿನೈದಾದರೂ ಗಂಡು ದನಿ ಇರಲಿ. ಟೆನರ್‌ಗೆ, ಅಂದರೆ ಗಂಡಸರ ಮೇಲುದನಿಗೆ, ಸೋಲೋ ಒಂದೇ, ಹುರಿಯುತ್ತಿರುವ ಹಂಸದ ಗೋಳು. ಅದು ವಿಪರೀತ ಮೇಲಿನ ಸ್ಥಾಯಿಯಲ್ಲಿದೆ, ಫಾಲ್ಸೆಟ್ಟೊ (ಸಹಜ ದನಿಗಿಂತ ಮೇಲೆ ಹಾಡುವ ಕಳ್ಳದನಿ) ಬಲ್ಲವರನ್ನೇ ಹುಡುಕಿ.

ಆರ್ಫ್ ತೀರಿಕೊಂಡದ್ದು 1982ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯ ಇನ್ನೂ ಇದೆ. ಸಭಾಂಗಣ ಕಾಯ್ದಿರಿಸುವ ಮೊದಲೇ ಪ್ರಕಾಶಕರಾದ ಶಾಟ್ ಅವರಿಗೆ ಬರೆಯಿರಿ.