ಸಮೀಕರಣ ಸರಿಯಿದ್ದರೂ ‘ಇನ್‌ವ್ಯಾಲಿಡ್ ಡಿಮ್’ ಏಕೆ?

ಎಕ್ಸ್ ವರ್ಗದಂಥ ಸರಳ ಸಮೀಕರಣಕ್ಕೂ ನಿಮ್ಮ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ‘ಇನ್‌ವ್ಯಾಲಿಡ್ ಡಿಮ್’ (ಅಳತೆ ಸರಿಯಿಲ್ಲ) ಎನ್ನುತ್ತಿದ್ದರೆ, ತಪ್ಪು ಬಹುಶಃ ಸಮೀಕರಣದ್ದಲ್ಲ. ಹಿಂದೆಂದೋ ಚಾಲೂ ಮಾಡಿ ಮರೆತ, ಪಟ್ಟಿಯ ಅಂಕಿಗಳಿಂದ ನಕ್ಷೆ ಬಿಡಿಸುವ ಸ್ಟ್ಯಾಟ್ ಪ್ಲಾಟ್‌ನದು. ಗ್ರಾಫ್ ಒತ್ತಿದಾಗ ಯಂತ್ರ ಅದನ್ನೂ ಬಿಡಿಸಲು ಹೋಗುತ್ತದೆ, ಅದಕ್ಕೆ ಬೇಕಾದ ಅಂಕಿಗಳಿರುವ ಎಲ್1, ಎಲ್2 ಪಟ್ಟಿಗಳು ಖಾಲಿಯಿದ್ದರೆ ದೂರುತ್ತದೆ. ದೂರು ಯಾವುದರ ಮೇಲೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ!

‘ವೈ=’ ಒತ್ತಿ. ಮೇಲಿನ ಸಾಲಿನ ಪ್ಲಾಟ್1, 2, 3ರಲ್ಲಿ ಯಾವುದು ಎದ್ದು ಕಾಣುತ್ತಿದೆಯೋ ಅದರ ಮೇಲೆ ಬಾಣದ ಕೀಲಿಯಿಂದ ಹೋಗಿ ಎಂಟರ್ ಒತ್ತಿ ಆಫ್ ಮಾಡಿ. ನಂತರ ಮತ್ತೆ ಗ್ರಾಫ್.

ಮೂರೂ ಆಫ್ ಆಗಿದ್ದರೂ ಅದೇ ಸಂದೇಶ ಬಂದರೆ ನನ್ನ ಊಹೆ ತಪ್ಪು. ಆಗ ಪರದೆಯಲ್ಲಿ ‘ಗೋಟು’ (ತಪ್ಪಿರುವ ಜಾಗಕ್ಕೆ ಹೋಗು) ಆಯ್ಕೆ ಇದ್ದರೆ ಒತ್ತಿ, ಕರ್ಸರ್ ಎಲ್ಲಿ ನಿಂತಿತೆಂದು ತಿಳಿಸಿ.